ಲಂಡನ್‌ನಿಂದ ಪ್ಯಾರಿಸ್‌ಗೆ ಯೂರೋಸ್ಟಾರ್ ರೈಲು: ಹತ್ತುವ ಮೊದಲೇ ದಾಟಬೇಕಾದ ಗಡಿ

ಲಂಡನ್ ಮತ್ತು ಪ್ಯಾರಿಸ್ ನಡುವೆ 1994ರ ನವೆಂಬರ್ 14ರಿಂದ ಓಡುತ್ತಿರುವ ಯೂರೋಸ್ಟಾರ್ ರೈಲು ಸುಮಾರು 490 ಕಿಲೋಮೀಟರ್ ದೂರವನ್ನು ಎರಡೂಕಾಲು ಗಂಟೆಯ ಆಸುಪಾಸಿನಲ್ಲಿ ಕ್ರಮಿಸುತ್ತದೆ. ಊರ ನಡುವಿನಿಂದ ಹೊರಟು ಊರ ನಡುವಿಗೇ ತಲುಪುವುದರಿಂದ, ವಿಮಾನ ನಿಲ್ದಾಣಕ್ಕೆ ಹೋಗಿಬರುವ ಸಮಯವನ್ನೂ ಲೆಕ್ಕ ಹಾಕಿದರೆ ಹೆಚ್ಚಿನವರಿಗೆ ವಿಮಾನಕ್ಕಿಂತ ರೈಲೇ ಅನುಕೂಲ. ಆದರೆ ಹೊರಡುವ ಹತ್ತು ನಿಮಿಷ ಮೊದಲು ಪ್ಲಾಟ್‌ಫಾರಂ ಸೇರುವ, ಕಳಿಸಿಕೊಡಲು ಬಂದವರು ಕಿಟಕಿಯ ಬಳಿ ನಿಂತು ಮಾತನಾಡುವ ನಮ್ಮ ಕಡೆಯ ರೈಲು ಪ್ರಯಾಣದ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ರೈಲು ಲಂಡನ್ ಬಿಡುವುದಕ್ಕೆ ಮೊದಲೇ ಪ್ರಯಾಣಿಕರು ಕಾನೂನಿನ ಪ್ರಕಾರ ಫ್ರಾನ್ಸಿನ ಗಡಿಯನ್ನು ದಾಟಿರಬೇಕು. ಆದ್ದರಿಂದ ಸಿದ್ಧತೆ ಟಿಕೆಟಿನಿಂದಲ್ಲ, ವೀಸಾದಿಂದ ಶುರುವಾಗಬೇಕು.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ನಿನ ವೀಸಾ ಬೇರೆ, ಫ್ರಾನ್ಸೂ ಸೇರಿದಂತೆ ಯುರೋಪಿನ ಹಲವು ದೇಶಗಳ ಶೆಂಗೆನ್ ವಲಯಕ್ಕೆ ಬೇಕಾದ ಶೆಂಗೆನ್ ವೀಸಾ ಬೇರೆ. ಒಂದಿದ್ದರೆ ಇನ್ನೊಂದು ಬೇಡವೆಂದು ಭಾವಿಸುವಂತಿಲ್ಲ. ಶೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳಿಗಿಂತ ಮೊದಲು ಅರ್ಜಿ ಹಾಕಲಾಗದು, 15 ದಿನಕ್ಕಿಂತ ತಡ ಮಾಡಲೂ ಆಗದು. ವಯಸ್ಕರಿಗೆ 2024ರ ಜೂನ್‌ನಿಂದ ಶುಲ್ಕ 90 ಯೂರೋ ಆಗಿದೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆಯೂ ಬೇಕು. ಲಂಡನ್‌ನಲ್ಲಿರುವ ಮಗನ ಅಥವಾ ಮಗಳ ಮನೆಗೆ ಬರುವ ತಂದೆತಾಯಿಯರು ಒಂದು ವಿಷಯವನ್ನು ಮುಖ್ಯವಾಗಿ ಗಮನಿಸಬೇಕು: ಶೆಂಗೆನ್ ವೀಸಾಕ್ಕೆ ಅರ್ಜಿ ಸಲ್ಲಿಸಬೇಕಾದದ್ದು ತಾವು ನೆಲೆಸಿರುವ ದೇಶದಲ್ಲಿ. ಲಂಡನ್ನಿಗೆ ಬಂದ ಮೇಲೆ ನೋಡಿಕೊಳ್ಳೋಣ ಎಂದುಕೊಂಡರೆ, ಸಂದರ್ಶಕರ ವೀಸಾದಲ್ಲಿ ಬಂದವರಿಗೆ ಅಲ್ಲಿ ಸಾಮಾನ್ಯವಾಗಿ ದಾರಿ ಸಿಗುವುದಿಲ್ಲ. ಬೆಂಗಳೂರಿನಲ್ಲಿದ್ದಾಗಲೇ ಈ ಕೆಲಸ ಮುಗಿಸಿಕೊಳ್ಳಬೇಕು.

ಇದಕ್ಕಿಂತ ಸೂಕ್ಷ್ಮವಾದದ್ದು ಪ್ರಯಾಣದ ದಿಕ್ಕು. ಬೆಂಗಳೂರಿನಿಂದ ಲಂಡನ್ನಿಗೆ ಬಂದು, ಪ್ಯಾರಿಸ್ ನೋಡಿಕೊಂಡು, ಮತ್ತೆ ಲಂಡನ್ನಿನಿಂದ ಊರಿಗೆ ಹೊರಡುವವರಿಗೆ ಒಂದು ಬಾರಿಯ ಪ್ರವೇಶದ ಶೆಂಗೆನ್ ವೀಸಾ ಸಾಕಾಗುತ್ತದೆ. ಆದರೆ ಮೊದಲು ಪ್ಯಾರಿಸ್‌ನಲ್ಲಿ ಇಳಿದು, ರೈಲಿನಲ್ಲಿ ಲಂಡನ್ನಿಗೆ ಹೋಗಿ, ಪ್ಯಾರಿಸ್‌ಗೆ ಮರಳಿ ಅಲ್ಲಿಂದ ವಿಮಾನ ಹತ್ತುವ ಯೋಜನೆಯಿದ್ದರೆ ಅದೇ ವೀಸಾ ಸಾಲದು, ಏಕೆಂದರೆ ಲಂಡನ್ನಿಗೆ ಹೊರಟ ಗಳಿಗೆಯಲ್ಲೇ ಶೆಂಗೆನ್ ವಲಯದಿಂದ ನಿರ್ಗಮಿಸಿದಂತಾಗಿ ಆ ಒಂದು ಪ್ರವೇಶ ಮುಗಿದಿರುತ್ತದೆ. ಎರಡೂ ನಗರಗಳನ್ನು ನೋಡಬೇಕೆಂದಿರುವವರಿಗೆ ಲಂಡನ್ನಿಗೆ ಬರುವ ವಿಮಾನ ಮತ್ತು ಪ್ಯಾರಿಸ್‌ನಿಂದ ಮರಳುವ ವಿಮಾನವನ್ನು ಕಾಯ್ದಿರಿಸಿಕೊಂಡು, ನಡುವೆ ಒಂದೇ ಬಾರಿ ರೈಲು ಹತ್ತುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಸರಳವಾದ ಏರ್ಪಾಡು.

ಬ್ರಿಟನ್ನಿನಲ್ಲೇ ನೆಲೆಸಿರುವ ಕನ್ನಡಿಗರಿಗೂ ಒಂದು ಮಾತು. ಪ್ಲಾಸ್ಟಿಕ್ಕಿನ ನಿವಾಸ ಪರವಾನಗಿ ಕಾರ್ಡುಗಳ ಜಾಗಕ್ಕೆ ಈಗ ಇ-ವೀಸಾ ಬಂದಿದೆ. ಪಾಸ್‌ಪೋರ್ಟ್ ನವೀಕರಿಸಿಕೊಂಡವರು ಹೊಸ ಸಂಖ್ಯೆಯನ್ನು ತಮ್ಮ ಇ-ವೀಸಾ ಖಾತೆಗೆ ಸೇರಿಸದೆ ಹೊರಟರೆ, ಹೋಗುವಾಗ ಏನೂ ಆಗದಿದ್ದರೂ ಮರಳುವಾಗ ಕೌಂಟರಿನಲ್ಲಿ ವಿವರಣೆ ಕೊಡುತ್ತ ನಿಲ್ಲಬೇಕಾದೀತು.

ಟಿಕೆಟ್ ಬೆಲೆ ವಿಮಾನದ ಹಾಗೆ ಬೇಡಿಕೆಗೆ ತಕ್ಕಂತೆ ಏರುತ್ತದೆ. ವಾರದ ನಡುವಿನ ದಿನಗಳಿಗೆ ತಿಂಗಳುಗಳ ಮೊದಲೇ ಕೊಂಡವರಿಗೂ ಕ್ರಿಸ್‌ಮಸ್ ಸಮಯದಲ್ಲಿ ಕೊನೆಯ ವಾರ ಕೊಂಡವರಿಗೂ ಅಜಗಜಾಂತರ ವ್ಯತ್ಯಾಸವಿರುತ್ತದೆ. ಸ್ಟ್ಯಾಂಡರ್ಡ್, ಪ್ಲಸ್, ಪ್ರೀಮಿಯರ್ ಎಂಬ ಮೂರು ದರ್ಜೆಗಳಿವೆ. ಎರಡೂಕಾಲು ಗಂಟೆಯ ಪ್ರಯಾಣಕ್ಕೆ ಸ್ಟ್ಯಾಂಡರ್ಡ್ ಧಾರಾಳವಾಗಿ ಸಾಕು. ಹೆಸರನ್ನು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ತುಂಬಬೇಕು. ತಂದೆಯ ಅಥವಾ ಊರಿನ ಹೆಸರು ಇನಿಷಿಯಲ್ಲಾಗಿ ಬಳಕೆಯಲ್ಲಿದ್ದು ಪಾಸ್‌ಪೋರ್ಟ್‌ನಲ್ಲಿ ವಿಸ್ತರಿಸಿ ಬರೆದಿರುವ ನಮ್ಮವರು ಇಲ್ಲಿ ಹೆಚ್ಚು ಎಚ್ಚರ ವಹಿಸಬೇಕು.

ಲಂಡನ್ನಿನಲ್ಲಿ ರೈಲು ಹೊರಡುವುದು ಸೇಂಟ್ ಪ್ಯಾಂಕ್ರಸ್ ನಿಲ್ದಾಣದಿಂದ. ಕಿಂಗ್ಸ್ ಕ್ರಾಸ್ ಸೇಂಟ್ ಪ್ಯಾಂಕ್ರಸ್ ಎಂಬ ಸುರಂಗ ರೈಲು ನಿಲ್ದಾಣಕ್ಕೆ ಆರು ಮಾರ್ಗಗಳು ಬಂದು ಸೇರುವುದರಿಂದ ನಗರದ ಯಾವ ಮೂಲೆಯಿಂದಲಾದರೂ ತಲುಪುವುದು ಕಷ್ಟವಲ್ಲ. ರೈಲು ನಿಲ್ಲುವುದು ಮೇಲಿನ ಅಂತಸ್ತಿನಲ್ಲಿ, ತಪಾಸಣೆ ನಡೆಯುವುದು ಕೆಳಗಿನ ಅಂತಸ್ತಿನಲ್ಲಿ. 1868ರಲ್ಲಿ ನಿಲ್ದಾಣ ಕಟ್ಟಿದಾಗ ಬಿಯರ್ ಪೀಪಾಯಿಗಳನ್ನು ದಾಸ್ತಾನು ಮಾಡಲು ಆ ಕೆಳ ಅಂತಸ್ತು ಬಳಕೆಯಾಗುತ್ತಿತ್ತು, ಅಲ್ಲಿನ ಕಬ್ಬಿಣದ ಕಂಬಗಳ ನಡುವಿನ ಅಂತರವನ್ನು ಗೊತ್ತುಮಾಡಿದ್ದೂ ಪೀಪಾಯಿಗಳ ಅಳತೆಯೇ. ಮೊದಲು ಟಿಕೆಟಿನ ಬಾರ್‌ಕೋಡ್ ತೋರಿಸಿ ಗೇಟು ದಾಟಬೇಕು, ಆಮೇಲೆ ಚೀಲಗಳನ್ನು ಎಕ್ಸ್‌ರೇ ಪಟ್ಟಿಯ ಮೇಲಿಡಬೇಕು, ನಂತರ ಫ್ರಾನ್ಸಿನ ಗಡಿ ಪೊಲೀಸರ ಗಾಜಿನ ಕೌಂಟರ್ ಎದುರಾಗುತ್ತದೆ. ಹೋಟೆಲ್ ಕಾಯ್ದಿರಿಸಿದ ಪತ್ರ, ಮರಳುವ ಟಿಕೆಟ್, ವಿಮೆ ಇವುಗಳ ಮುದ್ರಿತ ಪ್ರತಿ ಕೈಗೆ ಸಿಗುವಂತಿರಲಿ. ಫೋನಿನಲ್ಲಿ ಹುಡುಕುತ್ತ ನಿಂತರೆ ಹಿಂದಿನವರಿಗೂ ಕಿರಿಕಿರಿ. ಯುರೋಪಿನ ಹೊಸ ಗಣಕೀಕೃತ ಪ್ರವೇಶ ನೋಂದಣಿ 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದಿರುವುದರಿಂದ ಮೊದಲ ಬಾರಿ ಹೋಗುವವರ ಭಾವಚಿತ್ರವನ್ನೂ ದಾಖಲಿಸಿಕೊಳ್ಳಲಾಗುತ್ತದೆ ಮತ್ತು ಅದಕ್ಕೆ ಸಮಯ ಹಿಡಿಯುತ್ತದೆ. ಗೇಟು ರೈಲು ಹೊರಡುವ ಬಹಳ ಮೊದಲೇ, ಸಾಮಾನ್ಯವಾಗಿ ಅರ್ಧ ಗಂಟೆ ಮುಂಚೆ, ಮುಚ್ಚುತ್ತದೆ. ವಯಸ್ಸಾದವರು ಜೊತೆಗಿದ್ದರೆ ಒಂದೂವರೆ ಗಂಟೆ ಮೊದಲೇ ನಿಲ್ದಾಣದಲ್ಲಿರುವುದು ಒಳ್ಳೆಯದು. ಕಳಿಸಿಕೊಡಲು ಬಂದವರು ಈ ಗೇಟಿನಲ್ಲೇ ಬೀಳ್ಕೊಡಬೇಕು.

ಸ್ಟ್ಯಾಂಡರ್ಡ್ ಟಿಕೆಟಿಗೆ 85 ಸೆಂಟಿಮೀಟರ್ ಉದ್ದದ ಎರಡು ಸೂಟ್‌ಕೇಸ್ ಮತ್ತು ಒಂದು ಕೈಚೀಲಕ್ಕೆ ಅವಕಾಶವಿದೆ. ವಿಮಾನದ ಹಾಗೆ 100 ಮಿಲಿಲೀಟರಿನ ದ್ರವದ ನಿಯಮ ಇಲ್ಲವಾದ್ದರಿಂದ ನೀರಿನ ಬಾಟಲಿಯನ್ನು ಎಸೆಯಬೇಕಿಲ್ಲ. ಆದರೆ ಎಲ್ಲವನ್ನೂ ತಾವೇ ಹೊತ್ತು ಬೋಗಿಗೆ ಏರಿಸಬೇಕು. ರೈಲು ಸುಮಾರು 400 ಮೀಟರ್ ಉದ್ದವಿರುವುದರಿಂದ ಬೋಗಿಯ ಸಂಖ್ಯೆ ನೋಡಿಕೊಂಡು ಸರಿಯಾದ ಚಲಿಸುವ ಇಳಿಜಾರು ಪಟ್ಟಿಯಿಂದ ಮೇಲೆ ಹೋಗದಿದ್ದರೆ ಪ್ಲಾಟ್‌ಫಾರಂ ಉದ್ದಕ್ಕೂ ಸೂಟ್‌ಕೇಸ್ ಎಳೆದುಕೊಂಡು ನಡೆಯಬೇಕಾಗುತ್ತದೆ.

ತಿಂಡಿಯ ವಿಷಯದಲ್ಲಿ ನಿಯಮ ಕಟ್ಟುನಿಟ್ಟು. ಬ್ರಿಟನ್ನಿನಿಂದ ಯುರೋಪಿಯನ್ ಒಕ್ಕೂಟಕ್ಕೆ ಮಾಂಸವನ್ನೂ ಹಾಲಿನ ಉತ್ಪನ್ನಗಳನ್ನೂ ಒಯ್ಯುವಂತಿಲ್ಲ; ತುಪ್ಪ, ಪೇಡ, ಪನೀರ್ ಎಲ್ಲವೂ ಇದರಲ್ಲಿ ಬರುತ್ತವೆ. ದಾರಿಗೆಂದು ಡಬ್ಬಿಗೆ ಹಾಕಿಕೊಂಡ ಮೊಸರನ್ನವನ್ನು ಫ್ರಾನ್ಸಿನಲ್ಲಿ ಇಳಿಯುವ ಮೊದಲೇ ತಿಂದು ಮುಗಿಸುವುದು ಲೇಸು. ತಾಜಾ ಹಣ್ಣು, ಸೊಪ್ಪು, ಕರಿಬೇವು ಕೂಡ ಬೇಡ, ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ ಮತ್ತು ದುರಿಯನ್ ಹಣ್ಣಿಗೆ ಮಾತ್ರ ವಿನಾಯಿತಿಯುಂಟು. ಬ್ರಿಟನ್ ಸಹ 2025ರ ಏಪ್ರಿಲ್ 12ರಿಂದ ಇಂಥದೇ ನಿಷೇಧ ಹೇರಿರುವುದರಿಂದ ಪ್ಯಾರಿಸ್‌ನ ಚೀಸನ್ನು ಲಂಡನ್ನಿಗೆ ತರಲಾಗದು.

ಪ್ರಯಾಣದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಗಂಟೆಗೆ 300 ಕಿಲೋಮೀಟರ್ ವೇಗ ಒಳಗೆ ಕುಳಿತವರಿಗೆ ಅಷ್ಟಾಗಿ ಅರಿವಾಗುವುದಿಲ್ಲ. ಬ್ರಿಟನ್ ಮತ್ತು ಫ್ರಾನ್ಸನ್ನು ಜೋಡಿಸುವ 50 ಕಿಲೋಮೀಟರ್ ಉದ್ದದ ಸುರಂಗದಲ್ಲಿ ವೇಗ 160ಕ್ಕೆ ಇಳಿಯುತ್ತದೆ. ಅದರಲ್ಲಿ ಸುಮಾರು 38 ಕಿಲೋಮೀಟರ್ ಸಮುದ್ರದಡಿಯ ದಾರಿಯಾದರೂ ಇಪ್ಪತ್ತು ನಿಮಿಷ ಕಿಟಕಿಯಲ್ಲಿ ಕಾಣುವುದು ಕತ್ತಲೆಯೊಂದೇ. ಮೀನು ಕಾಣುತ್ತದೆಂದು ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಳ್ಳಬೇಕು.

ಪ್ಯಾರಿಸ್‌ನ ಗಾರ್ ದು ನೋರ್ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತಪಾಸಣೆಯ ಸಾಲು ಇರುವುದಿಲ್ಲ, ಇಳಿದವರು ನೇರವಾಗಿ ಜನಜಂಗುಳಿಯೊಳಗೆ ನಡೆದುಬಿಡುತ್ತಾರೆ. ಜೇಬುಗಳ್ಳರ ಕಾಟ ಇರುವ ಜಾಗವಾದ್ದರಿಂದ ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ. ಟ್ಯಾಕ್ಸಿ ಬೇಕೇ ಎಂದು ಒಳಗೇ ಬಂದು ಕೇಳುವವರನ್ನು ಬಿಟ್ಟು ಹೊರಗಿನ ಅಧಿಕೃತ ಸಾಲಿನಲ್ಲೇ ನಿಲ್ಲಿ. ಸಸ್ಯಾಹಾರಿಗಳಿಗೆ ಅನುಕೂಲವೆಂದರೆ, ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದ ಲಾ ಶಾಪೆಲ್ ಬಡಾವಣೆಯಲ್ಲಿ ಶ್ರೀಲಂಕಾ ತಮಿಳರ ಅಂಗಡಿಗಳೂ ದೋಸೆ, ಇಡ್ಲಿ ಸಿಗುವ ಹೋಟೆಲುಗಳೂ ಇವೆ.

ಮರಳುವಾಗ ಇದೇ ನಿಲ್ದಾಣದ ಮೇಲಂತಸ್ತಿಗೆ ಹೋಗಬೇಕು. ಅಲ್ಲಿ ಫ್ರಾನ್ಸಿನ ನಿರ್ಗಮನ ತಪಾಸಣೆ ಮತ್ತು ಬ್ರಿಟನ್ನಿನ ಪ್ರವೇಶ ತಪಾಸಣೆ ಒಂದರ ಹಿಂದೊಂದು ನಡೆಯುವುದರಿಂದ ಲಂಡನ್ನಿಗಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳಿ. ರೈಲು ಮತ್ತು ವಿಮಾನದ ಟಿಕೆಟುಗಳಿಗೆ ಪರಸ್ಪರ ಸಂಬಂಧವಿಲ್ಲದ ಕಾರಣ, ರೈಲು ತಡವಾಗಿ ವಿಮಾನ ತಪ್ಪಿದರೆ ಹೊಣೆ ಹೊರುವವರು ಯಾರೂ ಇಲ್ಲ; ಊರಿಗೆ ಹೊರಡುವ ವಿಮಾನದ ಹಿಂದಿನ ದಿನವೇ ಲಂಡನ್ ಸೇರುವುದು ಕ್ಷೇಮ. ರೈಲು ಒಂದು ಗಂಟೆಗಿಂತ ಹೆಚ್ಚು ತಡವಾದರೆ ಪರಿಹಾರ ಕೇಳಬಹುದು. ಅದಕ್ಕೆ ಬುಕಿಂಗ್ ಸಂಖ್ಯೆಯೂ ಟಿಕೆಟಿನ ಸಂಖ್ಯೆಯೂ ಬೇಕಾಗುವುದರಿಂದ ಮನೆ ಸೇರಿದ ಕೂಡಲೇ ಟಿಕೆಟನ್ನು ಅಳಿಸಿಹಾಕಬೇಡಿ.