ಮೆಟ್ಟಿಲು ಹತ್ತಿದರೂ ಕಾಲ್ ಕಟ್ಟಾಗಬಾರದೆ? ವೈ-ಫೈ ಹೀಗೆ ಜೋಡಿಸಿ

ತುಮಕೂರಿನ ಸಪ್ತಗಿರಿ ಬಡಾವಣೆಯ ಎರಡಂತಸ್ತಿನ ಮನೆ. ಕೆಳಗೆ ನಿವೃತ್ತ ಮೇಷ್ಟ್ರು, ಮೇಲೆ ಮಗನ ಸಂಸಾರ. ಕೆಳಗೊಂದು ರೂಟರ್, ಮೇಲೊಂದು. ಊರಾಚೆಯ ಮೊಮ್ಮಗಳ ಜೊತೆ ವಿಡಿಯೊ ಕಾಲ್‌ನಲ್ಲಿ ಮಾತಾಡುತ್ತಾ ಮೇಷ್ಟ್ರು ಮೆಟ್ಟಿಲು ಹತ್ತಿದರೆ, ತಿರುವಿನಲ್ಲಿ ಮಗುವಿನ ಮುಖ ಬಾಯಿ ತೆರೆದಲ್ಲೇ ನಿಂತುಬಿಡುತ್ತಿತ್ತು. ಮೇಲಿನ ರೂಟರ್ ಹತ್ತಡಿ ದೂರದಲ್ಲಿದ್ದರೂ ಫೋನು ಕೆಳಗಿನದನ್ನು ಬಿಡುತ್ತಿರಲಿಲ್ಲ. ನಾನು ಹೋಗುವಷ್ಟರಲ್ಲಿ ಮೇಷ್ಟ್ರು ಮೂರನೇ ರೂಟರ್ ತಂದಿಟ್ಟಿದ್ದರು. ಈ ತಪ್ಪನ್ನು ನಾನು ಮನೆಮನೆಯಲ್ಲೂ ನೋಡುತ್ತೇನೆ.

ಯಾವ ರೂಟರ್ ಹಿಡಿಯಬೇಕೆಂದು ತೀರ್ಮಾನಿಸುವುದು ರೂಟರ್ ಅಲ್ಲ, ಫೋನು. ಐಫೋನ್‌ನ ಲೆಕ್ಕ ಹೀಗಿದೆ: ಸಿಗ್ನಲ್ ಮೈನಸ್ 70 ಡಿಬಿಎಂಗಿಂತ (ಇದು ಸಿಗ್ನಲ್ ಬಲದ ಅಳತೆ; ಮೈನಸ್ 80 ಅಂದರೆ ಮೈನಸ್ 70ಕ್ಕಿಂತ ಕ್ಷೀಣ) ಕೆಳಗಿಳಿಯುವ ತನಕ ಅದು ಬೇರೆಯದನ್ನು ಹುಡುಕುವುದೇ ಇಲ್ಲ. ಹುಡುಕಿದರೂ, ಕಾಲ್ ನಡೆಯುತ್ತಿದ್ದಾಗ ಹೊಸದು ಹಳೆಯದಕ್ಕಿಂತ 8 ಡಿಬಿ (ಎರಡು ಸಿಗ್ನಲ್‌ಗಳ ಅಂತರ ಅಳೆಯುವ ಮಾನ) ಜಾಸ್ತಿ ಇದ್ದರೆ ಮಾತ್ರ ಜಿಗಿಯುತ್ತದೆ. ಆಂಡ್ರಾಯ್ಡ್‌ನಲ್ಲಿ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಹಳೇ ಗೂಟ ಬಿಡದ ಎಮ್ಮೆಯ ಹಾಗೆ. ನಾವು ಮಾಡಬೇಕಾದ್ದು ಗೂಟ ಸಡಿಲಿಸುವುದು.

ಮೊದಲು ಕೇಬಲ್. ಕೆಳಗಿನಿಂದ ಮೇಲಿನ ರೂಟರ್‌ಗೆ ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ ಎಳೆಸಿ. ಅಗ್ಗಕ್ಕೆ ಸಿಗುವ ಕೆಲವು ಸುರುಳಿಗಳಲ್ಲಿ ಇರುವುದು ತಾಮ್ರದ ಲೇಪನ ಕೊಟ್ಟ ಅಲ್ಯೂಮಿನಿಯಂ. ಬ್ಲೇಡಿನಿಂದ ತಂತಿ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅಂಗಡಿಯವನಿಗೇ ವಾಪಸ್ ಕೊಡಿ. ಪ್ಲಗ್ಗಿಗೆ ಚುಚ್ಚುವ ‘ಬೂಸ್ಟರ್’ ಡಬ್ಬಿಗಳ ಬಗ್ಗೆ ನನ್ನನ್ನು ಕೇಳಲೇಬೇಡಿ. ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳುವುದರಿಂದ ವೇಗ ಅರ್ಧಕ್ಕಿಳಿಯುತ್ತದೆ.

ಮೇಲಿನ ರೂಟರ್ ಅನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ, ಅಂದರೆ ಬರೀ ವೈ-ಫೈ ಹಂಚುವ ಕೆಲಸಕ್ಕೆ, ಹಾಕಿ. ಆ ಮೋಡ್ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ (ಫೋನುಗಳಿಗೆ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನೊಳಗಿನ ಮನೆ ನಂಬರ್, ಹಂಚುವ ಕೆಲಸ) ಆಫ್ ಮಾಡಿ, ಅದರ ಐಪಿ ವಿಳಾಸ ಕೆಳಗಿನದಕ್ಕೆ ಡಿಕ್ಕಿಯಾಗದಂತೆ ಬದಲಿಸಿ, ಕೇಬಲನ್ನು ವ್ಯಾನ್ ಪೋರ್ಟ್ (ಇಂಟರ್ನೆಟ್ ಬರುವ ತೂತು) ಬಿಟ್ಟು ಲ್ಯಾನ್ ಪೋರ್ಟ್‌ಗೆ (ಮನೆಯೊಳಗಿನ ಸಾಧನಗಳ ತೂತು) ಚುಚ್ಚಿ. ಇದನ್ನು ಮಾಡದಿದ್ದರೆ ಮೇಲೆ ಬೇರೆಯದೇ ನೆಟ್‌ವರ್ಕ್ ಹುಟ್ಟಿ, ಫೋನಿನ ಐಪಿ ಬದಲಾಗಿ, ಉಳಿದದ್ದೆಲ್ಲ ಸರಿಯಿದ್ದರೂ ಕಾಲ್ ಬೀಳುತ್ತದೆ.

ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಬಗೆಯ ಸೆಕ್ಯುರಿಟಿ.

ಚಾನೆಲ್ ಮಾತ್ರ ಬೇರೆ ಬೇರೆ. ರೂಟರ್ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡ್‌ಗಳಲ್ಲಿ ಮಾತಾಡುತ್ತದೆ; ಚಾನೆಲ್ ಅಂದರೆ ಅವುಗಳೊಳಗಿನ ಓಣಿ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಇವುಗಳಲ್ಲೇ ಆರಿಸಿ, ಅಗಲ 20 ಮೆಗಾಹರ್ಟ್ಸ್. 5 ಗಿಗಾಹರ್ಟ್ಸ್‌ನಲ್ಲಿ ನಾನು ಕೆಳಗೆ 36, ಮೇಲೆ 149 ಇಡುತ್ತೇನೆ. ನಡುವಿನ 52ರಿಂದ 144ರ ಚಾನೆಲ್‌ಗಳು ರಾಡಾರ್ ಜೊತೆ ಹಂಚಿಕೊಂಡವು. ಅಲ್ಲಿ ಫೋನು ತಾನಾಗಿ ಕೂಗಿ ಕೇಳುವ ಹಾಗಿಲ್ಲ, ಕಿವಿಗೊಟ್ಟು ಕಾಯಬೇಕು. ಹುಡುಕಾಟ ನಿಧಾನವಾಗುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ: ಪವರ್, ಅಂದರೆ ರೂಟರ್ ಸಿಗ್ನಲ್ ಕಳಿಸುವ ಬಲ. ಅದನ್ನು ಇಳಿಸಬೇಕು. “ಇಳಿಸಿದ್ರೆ ನೆಟ್ಟೇ ಬರಲ್ವಲ್ಲಯ್ಯಾ!” ಎಂದರು ಮೇಷ್ಟ್ರು. “ಸ್ವಲ್ಪ ತಾಳಿ ಸಾರ್” ಎಂದೆ. ರೂಟರ್ ಗಟ್ಟಿಯಾಗಿ ಕೂಗುತ್ತದೆ, ಫೋನಿಗೆ ಕೇಳಿಸುತ್ತದೆ. ಆದರೆ ಸಣ್ಣ ಬ್ಯಾಟರಿಯ ಫೋನಿನ ಉತ್ತರ ರೂಟರಿಗೆ ಮುಟ್ಟುವುದಿಲ್ಲ. ಸಿಗ್ನಲ್ ಕಡ್ಡಿಗಳು ಮಾತ್ರ ತುಂಬಿರುತ್ತವೆ. ಹಾಗಾಗಿ ಸೆಟ್ಟಿಂಗ್‌ನಲ್ಲಿ ‘ಹೈ’ಯನ್ನು ‘ಮೀಡಿಯಂ’ಗೆ ಇಳಿಸಿ. ಅರ್ಧ ಪವರ್ ಅಂದರೆ ಅರ್ಧ ದೂರವಲ್ಲ, ಬರೀ 3 ಡಿಬಿ; ಹೆದರಬೇಡಿ. 2.4 ಅನ್ನು 5ಕ್ಕಿಂತ ಇನ್ನೂ ಸುಮಾರು 6 ಡಿಬಿ ಇಳಿಸಿ, ಇಲ್ಲದಿದ್ದರೆ ಗೋಡೆ ದಾಟುವ ಆ ಸಿಗ್ನಲ್ಲಿಗೇ ಫೋನು ಅಂಟಿಕೊಳ್ಳುತ್ತದೆ. ಇಂಟರ್ನೆಟ್ ಕಂಪನಿ ಕೊಟ್ಟ ಡಬ್ಬಿಯಲ್ಲಿ ಪವರ್ ಆಯ್ಕೆಯೇ ಇಲ್ಲದಿದ್ದರೆ ಅದರ ವೈ-ಫೈ ಆಫ್ ಮಾಡಿ, ಪಕ್ಕದಲ್ಲಿ ಬೇರೆ ಆಕ್ಸೆಸ್ ಪಾಯಿಂಟ್ ಹಾಕಿ.

ಆಮೇಲೆ ಫೋನಿನಲ್ಲಿ ಡಿಬಿಎಂ ತೋರಿಸುವ ಆ್ಯಪ್ ತೆರೆದು ತಿರುವಿನಲ್ಲಿ ನಿಲ್ಲಿ. ಎರಡೂ ರೂಟರ್‌ಗಳು ಅಲ್ಲಿ ಮೈನಸ್ 65ರಿಂದ 70ರ ನಡುವೆ ಸಿಗಬೇಕು. ಒಂದು ಮೈನಸ್ 55 ತೋರಿಸಿದರೆ ಅದನ್ನು ಇಳಿಸಿ, ಎರಡೂ ಮೈನಸ್ 80 ಆದರೆ ಜಾಸ್ತಿ ಇಳಿಸಿದ್ದೀರಿ. ಫೋನನ್ನು ದಿನವೂ ಹಿಡಿಯುವ ಹಾಗೇ ಹಿಡಿಯಿರಿ. ಕೈಯೂ ಮೈಯೂ ಸಿಗ್ನಲ್ ನುಂಗುತ್ತವೆ. ಮೇಷ್ಟ್ರ ಮನೆಯಲ್ಲಿ ನಾನು ಮೆಟ್ಟಿಲು ಹತ್ತಿ ಇಳಿದದ್ದು ಹದಿನಾಲ್ಕು ಸಲ, ನಡುವೆ ಎರಡು ಲೋಟ ಕಾಫಿ.

ರೂಟರ್‌ನ ಸೆಟ್ಟಿಂಗ್‌ನಲ್ಲಿ 802.11 (ವೈ-ಫೈ ಮಾನದಂಡದ ಹೆಸರು) ಕೆ, ವಿ, ಆರ್ ಎಂದು ಮೂರು ಇದ್ದರೆ ಕೆ ಮತ್ತು ವಿ ಆನ್ ಮಾಡಿ. ಕೆ ಅಕ್ಕಪಕ್ಕದ ರೂಟರ್‌ಗಳ ಪಟ್ಟಿ ಕೊಟ್ಟು ಹುಡುಕಾಟ ಕಡಿಮೆ ಮಾಡುತ್ತದೆ, ವಿ ‘ಅಲ್ಲಿಗೆ ಹೋಗು’ ಎಂದು ಸೂಚಿಸುತ್ತದೆ. ಕೇಳುವುದು ಬಿಡುವುದು ಫೋನಿನ ಇಷ್ಟ. ಆರ್ ಬಗ್ಗೆ ಜನ ಸುಮ್ಮನೆ ಕುಣಿಯುತ್ತಾರೆ. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಇರುವ ಆಫೀಸು, ಕಾಲೇಜುಗಳಲ್ಲಿ ಅದರಿಂದ ಸಮಯ ಉಳಿಯುತ್ತದೆ. ಒಂದೇ ಪಾಸ್‌ವರ್ಡಿನ ಮನೆಯಲ್ಲಿ ಲಾಭ ಕಡಿಮೆ, ಹಳೇ ಪ್ರಿಂಟರ್ ಮುನಿಸಿಕೊಳ್ಳುವ ಸಂಭವ ಹೆಚ್ಚು. ಆಫ್ ಇರಲಿ.

ಸಿಗ್ನಲ್ ಇಷ್ಟಕ್ಕಿಂತ ಇಳಿದರೆ ಫೋನನ್ನು ಹೊರದಬ್ಬುವ ಆಯ್ಕೆಯೂ ಕೆಲವದರಲ್ಲಿದೆ. ಇನ್ನೊಂದು ರೂಟರ್ ಮುಟ್ಟದ ಹಿತ್ತಿಲಿನಲ್ಲಿ ನಿಂತವರನ್ನು ಅದು ಪದೇ ಪದೇ ದಬ್ಬುತ್ತದೆ. ನಾನು ಮುಟ್ಟುವುದಿಲ್ಲ.

ಕಡೆಗೆ ಮೇಷ್ಟ್ರು ಮೊಮ್ಮಗಳಿಗೆ ಕಾಲ್ ಮಾಡಿ ಹತ್ತಿದರು. ಒಂಬತ್ತನೇ ಮೆಟ್ಟಿಲಲ್ಲಿ ಫೋನು ಮೇಲಿನದಕ್ಕೆ ಹಾರಿತು, ಮಗುವಿನ ಮಾತು ನಿಲ್ಲಲಿಲ್ಲ. ಇಳಿಯುವಾಗ ನಾಲ್ಕನೆಯದರಲ್ಲಿ ಕೆಳಗಿನದಕ್ಕೆ ಬಂತು. “ಒಂದೇ ಮೆಟ್ಟಿಲಲ್ಲಿ ಆಗಬೇಕಲ್ಲವೇನಯ್ಯಾ?” ಎಂದು ಕೇಳಿದರು. ಆಗಬಾರದು. ಹಾಗಾದರೆ ಆ ಮೆಟ್ಟಿಲ ಮೇಲೆ ನಿಂತವರ ಫೋನು ಅತ್ತಿತ್ತ ಜಿಗಿಯುತ್ತಲೇ ಇರುತ್ತದೆ.