ಕ್ಲ್ಯಾಂಪ್ ಹಾಕುವ ಮೊದಲು ಪೈಪಿನ ಸೀಮ್ ಎಲ್ಲಿದೆ ನೋಡಿ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನನ್ನ ಕೆಲಸ. ನಮ್ಮ ಫೈರ್ ಹೈಡ್ರಂಟ್ ಲೈನು 4 ಇಂಚಿನದು, ಮೀಡಿಯಂ ಕ್ಲಾಸ್, ಗೋಡೆ ದಪ್ಪ 4.5 ಮಿ.ಮೀ. ಒಂದು ದಿನ ಪೈಪಿನ ಅಡಿಯಿಂದ ನೀರು ತೊಟ್ಟಿಕ್ಕತೊಡಗಿತು. ಸೂಜಿಮೊನೆಯಷ್ಟು ತೂತು. ಕ್ಲ್ಯಾಂಪ್ ಹಾಕಿದೆವು. ಹದಿನೈದು ದಿನಕ್ಕೆ ಒಂದಡಿ ಆಚೆ ಇನ್ನೊಂದು, ಆಮೇಲೆ ಮತ್ತೊಂದು, ಎಲ್ಲವೂ ದಾರ ಹಿಡಿದು ಗುರುತು ಹಾಕಿದ ಹಾಗೆ ಒಂದೇ ಸಾಲಿನಲ್ಲಿ.

ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಮೀಟರ್ ಇಟ್ಟು ನೋಡಿದೆ. ಎಲ್ಲಾ ಕಡೆ 4.1, 4.2. ಇಷ್ಟು ಗಟ್ಟಿ ಪೈಪು ಸೋರೋದು ಹೇಗೆ? "ಮೇಸ್ತ್ರಿ, ಈ ಸಲ ಕ್ಲ್ಯಾಂಪ್ ಬೇಡ, ಎರಡಡಿ ಕೊಯ್ದು ಉದ್ದಕ್ಕೆ ಸೀಳಿಬಿಡಿ" ಅಂದೆ.

ಸೀಳಿ, ವೈರ್ ಬ್ರಷ್‌ನಲ್ಲಿ ಕಂದು ಕೆಸರನ್ನೆಲ್ಲ ಉಜ್ಜಿ ತೆಗೆದ ಮೇಲೆ ಕಂಡಿತು. ಸೀಮ್, ಅಂದರೆ ಪೈಪಿನ ಉದ್ದಕ್ಕೂ ಹೋಗುವ ಬೆಸುಗೆಯ ಗೆರೆ, ಅದರುದ್ದಕ್ಕೂ ಚಾಕುವಿನಲ್ಲಿ ಗೀರಿದಂಥ ಸೀಳು. ನನ್ನ ಹೆಬ್ಬೆರಳಿನ ಉಗುರು ಒಳಗೆ ಇಳಿಯಿತು. ಎರಡೂ ಪಕ್ಕದ ಉಕ್ಕು ಮಾತ್ರ ಹಾಗೇ ಇತ್ತು. ಅಷ್ಟು ಸಣ್ಣ ಗೀರು ಮೀಟರಿನ ಬೆರಳಿನಷ್ಟು ದಪ್ಪದ ಪ್ರೋಬ್‌ಗೆ ಸಿಗುವುದಿಲ್ಲ, ಪಕ್ಕದ ಗಟ್ಟಿ ಗೋಡೆಯನ್ನೇ ಅದು ತೋರಿಸುತ್ತಿತ್ತು.

ಇವು ಇಆರ್‌ಡಬ್ಲ್ಯು (ಎಲೆಕ್ಟ್ರಿಕ್ ರೆಸಿಸ್ಟೆನ್ಸ್ ವೆಲ್ಡೆಡ್) ಪೈಪುಗಳು. ಉಕ್ಕಿನ ಪಟ್ಟಿಯನ್ನು ಸುತ್ತಿ, ಅಂಚುಗಳನ್ನು ಕರೆಂಟಿನಿಂದ ಕಾಯಿಸಿ ಒತ್ತಿ ಬೆಸೆಯುತ್ತಾರೆ. ಆ ಗೆರೆ ಬೇಗ ತಣ್ಣಗಾಗುವುದರಿಂದ ಅಲ್ಲಿನ ಉಕ್ಕಿನ ಗುಣವೇ ಬೇರೆ. ಉಕ್ಕಿನಲ್ಲಿ ಗಂಧಕ ಜಾಸ್ತಿ ಇದ್ದರಂತೂ ಇನ್ನೂ ಕಷ್ಟ. ಸೀಮನ್ನು ಮತ್ತೆ ಕಾಯಿಸಿ ಹದ ಮಾಡದಿದ್ದರೆ ನೀರಿನಲ್ಲಿ ಆ ಗೆರೆ ಆನೋಡ್, ಅಂದರೆ ಸವೆಯುವ ಕಡೆ ಆಗುತ್ತದೆ, ಉಳಿದ ಇಡೀ ಪೈಪು ಕ್ಯಾಥೋಡ್, ಅಂದರೆ ಉಳಿದುಕೊಳ್ಳುವ ಕಡೆ. ಎಲ್ಲಾ ಕಡೆ ಹಂಚಿಹೋಗಬೇಕಾದ ತುಕ್ಕು ಒಂದೇ ಗೆರೆಯನ್ನು ತಿನ್ನುತ್ತದೆ. ಜೊತೆಗೆ ನಮ್ಮಲ್ಲಿ ಸೀಮ್ ಅಡಿಯಲ್ಲಿತ್ತು, ಕೆಸರು ಕೂರುವುದೂ ಅಲ್ಲೇ ಅಲ್ವಾ. ವಾಲ್ವಿನ ಗ್ಲ್ಯಾಂಡ್ (ಕಡ್ಡಿಯ ಸುತ್ತ ನೀರು ತಡೆಯುವ ಪ್ಯಾಕಿಂಗ್) ಸೋರಿ, ಲೈನಿನ ಒತ್ತಡ ಕಾಯ್ದಿಡುವ ಸಣ್ಣ ಜಾಕಿ ಪಂಪ್ ಗಂಟೆಗೆ ನಾಲ್ಕೈದು ಸಲ ಓಡುತ್ತಿತ್ತು. ಲೈನಿನಲ್ಲಿ ನೀರು ಸುಮ್ನೆ ನಿಂತಿದ್ದರೆ ಅದರ ಆಮ್ಲಜನಕ ಖರ್ಚಾಗಿ ತುಕ್ಕು ನಿಧಾನವಾಗುತ್ತದೆ, ಇಲ್ಲಿ ಪಂಪ್ ಓಡಿದಾಗಲೆಲ್ಲ ಹೊಸ ನೀರು, ಹೊಸ ಆಮ್ಲಜನಕ.

ಮೊದಲು ಗ್ಲ್ಯಾಂಡ್ ಸರಿಮಾಡಿದೆ. ಲೈನಿನ ಎತ್ತರದ ತುದಿಗೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನು, ಅದರ ಆಮ್ಲಜನಕದ ಸಮೇತ, ಹೊರಬಿಡುವ ವಾಲ್ವ್ ಕೂರಿಸಿದೆ. ಕೆಟ್ಟ ಭಾಗಕ್ಕೆ ಸೀಮ್ ಹದ ಮಾಡಿದ ಪೈಪನ್ನೇ, ಸರ್ಟಿಫಿಕೇಟ್ ನೋಡಿ ತರಿಸಿದೆ. ದುಡ್ಡು ಜಾಸ್ತಿಯಾಯಿತು, ಆದರೆ ಬೆಂಕಿ ಬಿದ್ದ ದಿನ ನೀರು ಬರಲೇಬೇಕಾದ ಲೈನು ಇದು.

ಪೇಂಟ್ ಮೇಲೆ ಸೀಮ್ ಕಾಣುವುದಿಲ್ಲ. ತುದಿಯಲ್ಲಿ ಬೆರಳು ಹಾಕಿ ಒಳಗೆ ಸುತ್ತ ಸವರಿದರೆ ಸಣ್ಣ ದಿಂಡು ತಾಗುತ್ತದೆ. ಅಲ್ಲೇ ಹೊರಗೆ ಚಾಕ್‌ಪೀಸ್‌ನಲ್ಲಿ ಗೆರೆ ಹಾಕಿಸಿದೆ. ಒಂದು ಪೈಪಿನ ಗೆರೆ ಗಡಿಯಾರದ 10ರ ಕಡೆ, ಮುಂದಿನದು 2ರ ಕಡೆ ಬರುವಂತೆ ತಿರುಗಿಸಿ ಟ್ಯಾಕ್ (ಹಿಡಿದಿಡಲು ಸಣ್ಣ ಚುಕ್ಕಿ ವೆಲ್ಡಿಂಗ್) ಹಾಕಿದೆವು. ಎರಡು ಸೀಮ್ ಒಂದೇ ಸಾಲಿಗೆ ಬರಬಾರದು, ಅಡಿಗಂತೂ ಬರಲೇಬಾರದು. ಪ್ರತಿ ಜಾಯಿಂಟ್‌ನಲ್ಲೂ ಗೆರೆ ನೋಡಿದ ಮೇಲೇ ಪೂರ್ತಿ ವೆಲ್ಡಿಂಗ್.