ಟರ್ಬೈನ್ ಜೆಟ್‌ನಲ್ಲಿ ಸಿಗ್ನಲ್ ಕಟ್ ಆಗದಂತೆ ಮಾಡಿಕೊಂಡ ಬಗೆ

ಈ ಸೀಸನ್ ಪೂರ್ತಿ, ರೇಡಿಯೋದಿಂದ ಹಾರಿಸುವ ನನ್ನ ಮಾಡೆಲ್ ಜೆಟ್ ಒಂದು ಸಲವೂ ಹೋಲ್ಡ್‌ಗೆ (ಸಿಗ್ನಲ್ ಕಟ್ ಆಗಿ ಕಂಟ್ರೋಲ್ ಸಿಗದ ಸ್ಥಿತಿಗೆ) ಹೋಗಿಲ್ಲ. ವಿಮಾನ ಕಳಿಸುವ ಮಾಹಿತಿಯ ದಾಖಲೆ, ಅಂದ್ರೆ ಟೆಲಿಮೆಟ್ರಿ ಲಾಗ್, ಇಟ್ಟಿದ್ದೇನೆ, ಕೇಳಿದವರಿಗೆ ತೋರಿಸುತ್ತೇನೆ. ಮೊದಲು ಸಿಗ್ನಲ್ ಕಟ್ ಆಗುತ್ತಿದ್ದಾಗ, ರೇಡಿಯೋ ಬದಲಾಯಿಸದೆ ಇದು ಸರಿಹೋಗಲ್ಲ ಎಂದು ಫೀಲ್ಡ್‌ನಲ್ಲಿ ಎಲ್ಲರೂ ಹೇಳಿದ್ದರು. ಈಗಲೂ ಅದೇ ರೇಡಿಯೋ, ಅದೇ ರಿಸೀವರ್.

90 ಎಂಎಂ ಇಡಿಎಫ್ (ಬ್ಯಾಟರಿ ಫ್ಯಾನ್‌ನ ಜೆಟ್) ಹಾರಿಸುವಾಗ ಈ ತಲೆನೋವು ಇರಲಿಲ್ಲ. ಫೋಮ್ ಬಾಡಿಯಲ್ಲಿ ಆಂಟೆನಾ ಎಲ್ಲಿಟ್ಟರೂ ನಡೆಯುತ್ತಿತ್ತು. ಸೀಮೆಎಣ್ಣೆಯಿಂದ ಓಡುವ ಟರ್ಬೈನ್‌ಗೆ ಬಂದ ಮೇಲೆ ಶುರುವಾಯಿತು. ಬಾಡಿ ಗ್ಲಾಸ್ ಫೈಬರ್, ಆದರೆ ಮೂಗಿನಿಂದ ರೆಕ್ಕೆ ಬುಡದವರೆಗೆ ಒಳಗೆ ಕಾರ್ಬನ್ ಪಟ್ಟಿ. ದೂರದ ಎಡ ತಿರುವಿನಲ್ಲಿ ಅರ್ಧ ಸೆಕೆಂಡ್ ಕಂಟ್ರೋಲ್ ಇಲ್ಲ. ಆ ವೇಗದಲ್ಲಿ ಅರ್ಧ ಸೆಕೆಂಡ್ ಅಂದ್ರೆ ಮೂವತ್ತು, ನಲವತ್ತು ಮೀಟರ್. ಮೊದಲ ಏರ್‌ಫ್ರೇಮ್ ಹಾಗೇ ಹೋಯಿತು, ಹತ್ತಿರ ಹತ್ತಿರ 1.2 ಲಕ್ಷ. ಸಿಗ್ನಲ್ ಹೋದಾಗ ತಾನಾಗೇ ಕೆಲಸ ಮಾಡುವ ಫೇಲ್‌ಸೇಫ್ ಎಂಜಿನ್ ಆಫ್ ಮಾಡಿದ್ದರಿಂದ ಬೆಂಕಿ ಹತ್ತಲಿಲ್ಲ, ಟರ್ಬೈನ್ ಉಳಿಯಿತು. ಅದರ ಸರ್ವೀಸ್‌ಗೆ ಮತ್ತೆ ಮೂವತ್ತು ಸಾವಿರ.

ಗೆಳೆಯರು ಪಕ್ಕದ ಮೊಬೈಲ್ ಟವರ್ ತೋರಿಸಿದರು. ಮಾತಿನಲ್ಲಿ ಅರ್ಥವಿತ್ತು. ನಮ್ಮಲ್ಲಿ 4ಜಿ 2300 ಮೆಗಾಹರ್ಟ್ಸ್‌ನಲ್ಲೂ ನಡೆಯುತ್ತದೆ, ನಮ್ಮ 2.4 ಗಿಗಾಹರ್ಟ್ಸ್ ಅದರ ಪಕ್ಕದಲ್ಲೇ ಇದೆ. ಆದರೆ ಟವರ್ ಕಾರಣ ಆಗಿದ್ದರೆ ಫೇಡ್ (ಸಿಗ್ನಲ್ ಕುಂದುವುದು) ಯಾವಾಗಲೂ ಒಂದೇ ಜಾಗದಲ್ಲಿ ಬರಬೇಕು, ಅಲ್ವಾ? ನನ್ನ ಲಾಗ್‌ನಲ್ಲಿ ಜಾಗ ಬದಲಾಗುತ್ತಿತ್ತು, ವಿಮಾನದ ಭಂಗಿ ಬದಲಾಗುತ್ತಿರಲಿಲ್ಲ. ಎಡ ರೆಕ್ಕೆ ಕೆಳಗೆ, ಮೂಗು ನನ್ನ ಕಡೆ. ಪ್ರತಿ ಸಲ ಅದೇ.

ಮೂಗಿನೊಳಗೆ ನೋಡಿದರೆ ಗೊತ್ತಾಗುತ್ತದೆ. ರಿಸೀವರ್‌ನ ಒಂದು ಆಂಟೆನಾ ಇಸಿಯು (ಟರ್ಬೈನ್ ನಿಯಂತ್ರಿಸುವ ಪೆಟ್ಟಿಗೆ) ಬ್ಯಾಟರಿಯ ಹಿಂದೆ, ಇನ್ನೊಂದು ಕಾರ್ಬನ್ ಪಟ್ಟಿಗೆ ಅಂಟಿಕೊಂಡೇ ಇತ್ತು. ತುದಿಯ 31 ಮಿಲಿಮೀಟರ್ ಬರಿಯಾಗಿರಬೇಕು, ಎರಡರ ನಡುವೆ 90 ಡಿಗ್ರಿ ಇರಬೇಕು ಅನ್ನೋದು ನಿಮಗೆಲ್ಲ ಗೊತ್ತು. ಕಿಟ್ ಜೊತೆ ಬಂದ ಟ್ರೇಯಲ್ಲೂ ಆ ಕೋನ ಸರಿಯಾಗೇ ಇತ್ತು. ಸಿಗ್ನಲ್ ತಡೆಯುವ ಕಾರ್ಬನ್ ಮುಂದೆ ಕೋನ ಏನೂ ಮಾಡಲ್ಲ. ಸ್ಯಾಟಲೈಟ್ ರಿಸೀವರನ್ನು (ಮುಖ್ಯ ರಿಸೀವರ್ ಜೊತೆಗಿರುವ ಚಿಕ್ಕದು) ಬಾಲದ ಬುಡಕ್ಕೆ ಒಯ್ದೆ, ಅಲ್ಲಿ ಬರೀ ಗ್ಲಾಸ್. ಮುಂದಿನ ಒಂದು ಆಂಟೆನಾವನ್ನು ಪ್ಲಾಸ್ಟಿಕ್ ಟ್ಯೂಬ್‌ನಲ್ಲಿ ಹೊಟ್ಟೆಯ ಕೆಳಗೆ ತಂದೆ. ಲ್ಯಾಂಡಿಂಗ್ ಗೇರ್ ಬಾಗಿಲಿಗೆ ಸಿಕ್ಕದ ಹಾಗೆ ಅದನ್ನು ಹೇಗೆ ಕಟ್ಟಿದೆ ಅಂತ ಮಾತ್ರ ಇಲ್ಲಿ ಬರೆಯಲ್ಲ. ಅದಕ್ಕೆ ತುಂಬಾ ಒದ್ದಾಡಿದ್ದೇನೆ!

ಸೀಮೆಎಣ್ಣೆ ಟ್ಯಾಂಕ್ ಸಿಗ್ನಲ್ ತಡೆಯುತ್ತದೆ ಅನ್ನೋ ಮಾತನ್ನೂ ಪರೀಕ್ಷಿಸಿದೆ. ಟ್ರಾನ್ಸ್‌ಮಿಟರನ್ನು ಲೋ ಪವರ್‌ಗೆ ಹಾಕಿ, ಮೂವತ್ತು ಹೆಜ್ಜೆ ದೂರದಲ್ಲಿ ರಿಸೀವರ್ ಮುಂದೆ ಎರಡು ಲೀಟರ್ ನೀರಿನ ಬಾಟಲ್ ಇಟ್ಟೆ. ಫೇಡ್ ತಟ್ಟನೆ ಏರಿತು. ಅದೇ ಅಳತೆಯ ಬಾಟಲ್‌ನಲ್ಲಿ ಸೀಮೆಎಣ್ಣೆ ಇಟ್ಟರೆ ಏನೂ ವ್ಯತ್ಯಾಸವಿಲ್ಲ. ಆರು ಸೆಲ್ ಲಿಪೋ ಬ್ಯಾಟರಿ ಪ್ಯಾಕ್ ಇಟ್ಟರೆ ನೀರಿಗಿಂತ ಜಾಸ್ತಿ. ನಾನೇ ಮುಂದೆ ನಿಂತರೂ ಹಾಗೇ. ಆಮೇಲಿಂದ ಹಾರಿಸುವಾಗ ಸ್ಪಾಟರ್ (ಜೊತೆಗಿದ್ದು ಆಕಾಶದ ಮೇಲೆ ಕಣ್ಣಿಡುವವನು) ನನ್ನ ಹಿಂದೆ ನಿಲ್ಲುತ್ತಾನೆ.

ಅರ್ಧ ರೋಗ ಕರೆಂಟ್‌ನದ್ದು. ರೆಕ್ಕೆ, ಬಾಲದ ಭಾಗಗಳನ್ನು ತಿರುಗಿಸುವ ಎಂಟು ಡಿಜಿಟಲ್ ಸರ್ವೋ, ಒಂದೇ 5 ಆಂಪಿಯರ್ ರೆಗ್ಯುಲೇಟರ್. ಫ್ಲಾಪ್ ಇಳಿಸುತ್ತಾ ಎಲಿವೇಟರ್ ಎಳೆದರೆ ವೋಲ್ಟೇಜ್ 4.5ರ ಹತ್ತಿರ ಕುಸಿಯುತ್ತಿತ್ತು. ಅದೂ ಹೊರಗಿನಿಂದ ಸಿಗ್ನಲ್ ಹೋದ ಹಾಗೇ ಕಾಣುತ್ತದೆ. ರೆಗ್ಯುಲೇಟರ್ ಕಿತ್ತು ಎರಡು ಸೆಲ್‌ನ ಲೈಫ್ (ಲಿಥಿಯಂ ಐರನ್) ಬ್ಯಾಟರಿ ಪ್ಯಾಕ್ ಎರಡು ಹಾಕಿದೆ, 6.6 ವೋಲ್ಟ್, ಪ್ರತ್ಯೇಕ ಸ್ವಿಚ್, ದಪ್ಪ ವೈರ್. ನನ್ನ ಸರ್ವೋಗಳು ಹೈ ವೋಲ್ಟೇಜ್‌ನವು, ಹಾಗಾಗಿ ನೇರ ಕೊಡಬಹುದಿತ್ತು. ಈಗ 6ಕ್ಕಿಂತ ಕೆಳಗೆ ಇಳಿದಿಲ್ಲ. ಆಂಟೆನಾ ಕೆಲಸವೂ ಸೇರಿ ಆರೇಳು ಸಾವಿರ ಖರ್ಚು. ನನಗೆ ಕೊಳ್ಳಲು ಹೇಳಿದ್ದ ರೇಡಿಯೋ ಒಂದು ಲಕ್ಷದ ಮೇಲೆ.

ಫ್ಯೂಯಲ್ ಪಂಪ್ ವೈರ್‌ಗೆ, ವಿದ್ಯುತ್ ಗದ್ದಲ ತಡೆಯುವ ಫೆರೈಟ್ ರಿಂಗ್ ಹಾಕಿ ನೋಡಿದೆ, ಲಾಗ್‌ನಲ್ಲಿ ಏನೂ ಬದಲಾಗಲಿಲ್ಲ. ಪಂಪನ್ನೇ ರಿಸೀವರ್‌ನಿಂದ ಒಂದು ಗೇಣು ದೂರ ಸರಿಸಿದಾಗ ಬದಲಾಯಿತು.

ರೇಂಜ್ ಟೆಸ್ಟ್ (ಸಿಗ್ನಲ್ ಎಷ್ಟು ದೂರ ಸಿಗುತ್ತದೆ ಎಂದು ನೆಲದ ಮೇಲೇ ನೋಡುವುದು) ಎಂಜಿನ್ ಓಡುವಾಗಲೂ ಮಾಡಿ. ಸುಮ್ನೆ ನಿಲ್ಲಿಸಿ ನೋಡಿದರೆ ಎಲ್ಲವೂ ಪಾಸ್. ಎಂಜಿನ್ ಆಫ್ ಮಾಡಿದ ಮೇಲೆ ವಿಮಾನವನ್ನು ಮರದ ಸ್ಟೂಲ್ ಮೇಲಿಟ್ಟು ಸುತ್ತಲೂ ತಿರುಗಿಸಿ, ಎರಡೂ ಕಡೆ ವಾಲಿಸಿ ಮತ್ತೆ ಅಳೆಯಿರಿ. ನನ್ನ ಜೆಟ್‌ಗೆ ಟವರ್ ಕಾರಣ ಎಂದಿದ್ದ ಗೆಳೆಯ ಹೋದ ತಿಂಗಳು ತನ್ನ ಜೆಟ್‌ನ ಮೂಗು ಬಿಚ್ಚಿಕೊಂಡು ನನ್ನ ಮನೆಗೆ ಬಂದಿದ್ದ. ಅವನದರಲ್ಲೂ ಆಂಟೆನಾ ಬ್ಯಾಟರಿಯ ಹಿಂದೆಯೇ ಇತ್ತು.